ಕಲ್ಲಿನ ಪಾಲು

ಆ ಮನೆಯ ಸೊಸೆಗೆ ನೆಲ ನೋಡಿಕೊಂಡು ನಡೆಯುವ ಚಾಳಿ. ನಾಚಿಕೆಯಿಂದ ಎಂದುಕೊಂಡರೆ ಕೆಟ್ಟಿರಿ. ನಾಚಿಕೆಗೂ ಅವಳಿಗೂ ಅಷ್ಟಕ್ಕಷ್ಟೆ. ಅವಳು ನೋಡುತ್ತಿದ್ದದ್ದು ಕಲ್ಲು. ಹೊಲದಲ್ಲಿ ಮುಷ್ಟಿಗಾತ್ರದ್ದೊಂದು ಕಣ್ಣಿಗೆ ಬಿದ್ದರೆ ಸಾಕು, ಆಡುತ್ತಿದ್ದ ಮಾತನ್ನೂ ನಿಲ್ಲಿಸದೆ ಬಗ್ಗಿ, ಎತ್ತಿ, ಮಡಿಲಿಗೆ ಹಾಕಿಕೊಂಡು ಮುಂದೆ ನಡೆಯುತ್ತಿದ್ದಳು. ಅವಳ ಗಂಡನಂತೂ ಹೆಂಡತಿಯ ಜತೆ ಮಾತಾಡುವಾಗ ಅವಳ ಮುಖಕ್ಕಿಂತ ನೆತ್ತಿಯನ್ನೇ ಹೆಚ್ಚು ನೋಡಿದ್ದೇನೆ ಎಂದು ನಗುತ್ತಿದ್ದ.

ಈ ಚಾಳಿ ಶುರುವಾದದ್ದು ಅತ್ತೆಯ ಬಾಯಿಂದ. ಸೊಸೆ ಪೇಟೆಯ ದರ್ಜಿಯೊಬ್ಬನ ಮಗಳು. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ದಿನ ಕೊಟ್ಟಿಗೆಯಲ್ಲಿ ಹಾಲಿನ ಪಾತ್ರೆ ಕೈಜಾರಿತು. ಅತ್ತೆ ಮೂಗು ಮುರಿದು, "ನಿಮ್ಮಪ್ಪನ ಮನೇಲಿ ಒಂದು ಹೂವಿನ ಕುಂಡ ತುಂಬೋಷ್ಟು ಮಣ್ಣಾದ್ರೂ ಇತ್ತೇನೇ? ನಿಂಗೆಲ್ಲಿ ಬರ್ಬೇಕು ಬೇಸಾಯ!" ಎಂದುಬಿಟ್ಟಳು. ಸೊಸೆ ಹಾಲು ಚೆಲ್ಲಿದ ನೆಲ ತೊಳೆದು, ಮೂಲೆಯಲ್ಲಿದ್ದ ಬುಟ್ಟಿ ಎತ್ತಿಕೊಂಡು, ನೆಟ್ಟಗೆ ರಸ್ತೆ ಪಕ್ಕದ ಹಾಳು ತುಂಡಿಗೆ ಹೋದಳು. ಮಾವನ ಕಾಲದಿಂದಲೂ ಅದಕ್ಕೆ ಅದೇ ಹೆಸರು. ನೇಗಿಲಿಟ್ಟರೆ ನೇಗಿಲು ಮುರಿಯುವ, ಮೇಯಲು ಬಿಟ್ಟ ಆಡು ಕೂಡ ವಾಪಸು ಬರುವ ಜಾಗ. ಅಲ್ಲಿ ಅವಳು ಮೊದಲ ಬುಟ್ಟಿ ಕಲ್ಲು ಹೆಕ್ಕಿದಳು.

ಆಮೇಲೆ ಅದೇ ನಡೆಯಿತು. ಬೆಳಗಿನ ಹಾಲು ಕರೆದು ವ್ಯಾನಿಗೆ ಏರಿಸಿದ ಮೇಲೆ, ಅಡುಗೆಗೆ ಕೈಹಾಕುವ ಮೊದಲು, ಅವಳ ಕಲ್ಲಿನ ಹೊತ್ತು. ಬಸುರಿಯಾಗಿದ್ದಾಗಲೂ ಬಿಡಲಿಲ್ಲ, ಸಣ್ಣ ಬುಟ್ಟಿ ಹಿಡಿದಳು, ಅಷ್ಟೆ. ಹೆಕ್ಕಿದ್ದನ್ನೆಲ್ಲ ರಸ್ತೆಯ ಅಂಚಿಗೆ ಸಾಗಿಸಿ ಗೋಡೆಯಾಗಿ ಪೇರಿಸಿದಳು. ಮೊದಮೊದಲು ಕುಸಿದು ಬೀಳುತ್ತಿತ್ತು. ಬಿದ್ದದ್ದನ್ನು ನೋಡಿ ನೋಡಿಯೇ ಕಲಿತಳು: ಅಗಲದ ಮುಖ ಕೆಳಗೆ, ಸಂದಿಗೆ ಚಿಕ್ಕ ಕಲ್ಲು, ಎರಡರ ಮೇಲೆ ಒಂದು. ವರ್ಷಗಳು ಕಳೆದಂತೆ ಗೋಡೆ ಗೇಟಿನಿಂದ ಹೊರಟು ತಿರುವಿನ ದೊಡ್ಡ ಮರದವರೆಗೆ ಎದೆಯೆತ್ತರಕ್ಕೆ ನಿಂತಿತು. ಹಾಳು ತುಂಡಿನಲ್ಲಿ ಆಲೂಗಡ್ಡೆ ಬಂತು, ಎಲೆಕೋಸು ಬಂತು, ಇಡೀ ಜಮೀನಿನಲ್ಲಿ ಅದೇ ಒಳ್ಳೆಯ ಹೊಲ ಎನ್ನುವಂತಾಯಿತು. ಅತ್ತೆ ಮಾತ್ರ ಅದನ್ನು "ಇವಳ ಕಲ್ಲಿನ ಹುಚ್ಚು" ಎನ್ನುವುದನ್ನು ಬಿಡಲಿಲ್ಲ, ಒಂದೇ ಒಂದು ಕಲ್ಲನ್ನು ಮುಟ್ಟಲೂ ಇಲ್ಲ. ಆ ಹೊಲದ ಎಲೆಕೋಸನ್ನು ಮಾತ್ರ ಬೇಡವೆನ್ನದೆ ತಿಂದಳು.

ಹೀಗಿರುವಾಗ ಮಾವ ತೀರಿಕೊಂಡರು. ಪೇಟೆಯಲ್ಲಿ ಟೈರ್ ಅಂಗಡಿ ಇಟ್ಟುಕೊಂಡಿದ್ದ ಮೈದುನ ತನ್ನ ಪಾಲು ಕೇಳಿದ. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಪ್ಪನ ಆಸ್ತಿ, ಇಬ್ಬರು ಗಂಡುಮಕ್ಕಳು. ಅವನ ಅಂಗಡಿಯ ಮಾಲೀಕ ಜಾಗ ಖಾಲಿ ಮಾಡು ಎಂದು ಕೂತಿದ್ದ, ಸ್ವಂತದ್ದೊಂದು ಮಾಡಿಕೊಳ್ಳಬೇಕಿತ್ತು. ಆದರೆ ಜಮೀನನ್ನು ಎರಡು ಮಾಡಿದರೆ ಬಾವಿ ಒಂದು ಕಡೆ, ಹೊಲ ಇನ್ನೊಂದು ಕಡೆ. ಯಾವ ಅರ್ಧವೂ ಹಸುಗಳ ಹೊಟ್ಟೆ ತುಂಬಿಸುವುದಿಲ್ಲ. ಹಾಗಾಗಿ ಅಣ್ಣತಮ್ಮ ಒಂದು ಮಾತಿಗೆ ಬಂದರು. ಇಬ್ಬರಿಗೂ ಗುರುತಿಲ್ಲದ ಒಬ್ಬ ಬೆಲೆ ಕಟ್ಟುವವನನ್ನು ಕರೆಸುವುದು. ಅವನು ಮಣ್ಣು ನೋಡಿ ಬೆಲೆ ಹೇಳುವುದು. ಅದರ ಅರ್ಧವನ್ನು ಅಣ್ಣ ಕೊಡುವುದು. ಆಗದಿದ್ದರೆ ಅಷ್ಟನ್ನೂ ಅಕ್ಕಪಕ್ಕದ ಜಮೀನು ಕೊಂಡಿದ್ದ ಗೋದಾಮಿನವನಿಗೆ ಮಾರಿ, ಬಂದದ್ದನ್ನು ಹಂಚಿಕೊಳ್ಳುವುದು.

ಗೋದಾಮಿನವನ ತಗಡಿನ ಗೋದಾಮುಗಳು ಆಗಲೇ ಜಮೀನಿನ ಎರಡೂ ಮಗ್ಗುಲಲ್ಲಿ ಎದ್ದು ನಿಂತಿದ್ದವು. ನಡುವೆ ಉಳಿದದ್ದು ಇವರದ್ದೊಂದೇ. ಅವನು ದಿನಾ ಆ ರಸ್ತೆಯಲ್ಲಿ ಹೋಗುವಾಗ ಕಾರಿನ ವೇಗ ಕಡಿಮೆ ಮಾಡಿ, ಗಾಜಿಳಿಸಿ, ಕೈಬೀಸಿ ಹೋಗುತ್ತಿದ್ದ. ಅವನು ಕೈಬೀಸಿದಾಗಲೆಲ್ಲ ಸೊಸೆಗೆ ಮೈಯೆಲ್ಲ ಉರಿಯುತ್ತಿತ್ತು.

ಬ್ಯಾಂಕಿನವರು ಸಾಲವಾಗಿ ಇಷ್ಟು ಕೊಡುತ್ತೇವೆ, ಇದರ ಮೇಲೆ ಒಂದು ಬಿಡಿಗಾಸೂ ಇಲ್ಲ ಎಂದಿದ್ದರು. ಹಾಲಿನ ದರ ಬಿದ್ದ ಮೇಲೆ ಬೇರೆ ಯಾರೂ ಅಷ್ಟು ಸಹ ಕೊಡುವವರಿರಲಿಲ್ಲ. ಬೆಲೆಯ ಅರ್ಧ ಆ ಗೆರೆಯ ಕೆಳಗಿದ್ದರೆ ಜಮೀನು ಉಳಿಯಿತು, ಮೇಲೆ ಹೋದರೆ ಹೋಯಿತು. ಗಂಡ ಇದನ್ನು ಹೇಳಿ ಸುಮ್ಮನೆ ಗೋಡೆಗೊರಗಿ ಕೂತ. ಸೊಸೆ ಕೂರಲಿಲ್ಲ.

"ಹಾಗಾದ್ರೆ ಜಮೀನು ಚೆನ್ನಾಗಿ ಕಾಣ್ಬಾರದು," ಎಂದಳು.

"ಅಂದ್ರೆ?"

"ಒಂದೇ ಒಂದು ದಿನ ದರಿದ್ರ ಬಡಿದ ಹಾಗೆ ಕಾಣ್ಬೇಕು. ಅಷ್ಟೇ ತಾನೆ?"

ಗಂಡ ಪಾಪದ ಮನುಷ್ಯ, ತಮ್ಮನಿಗೆ ಮೋಸವಾಗುತ್ತದಲ್ಲ ಎಂದು ತಲೆ ಕೆರೆದುಕೊಂಡ. ಅವಳು ಕೆಂಡವಾದಳು. "ಮೋಸ ಅಂತೆ ಮೋಸ! ಅವರಿಗೆ ಒಂದಿಷ್ಟು ಕಡಿಮೆ ಸಿಗುತ್ತೆ. ನಮಗೆ ಏನೂ ಉಳಿಯಲ್ಲ. ಯಾವುದು ದೊಡ್ಡದು, ನೀವೇ ಹೇಳಿ." ಅದು ತಪ್ಪು ಎಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಪಟ್ಟು ಹಿಡಿದಳು.

ಬೆಲೆ ಕಟ್ಟುವವನು ಬರುವ ಹಿಂದಿನ ದಿನ ಆ ಮನೆಯಲ್ಲಿ ನಡೆದ ಕೆಲಸ ಯಾವ ರೈತನ ಮನೆಯಲ್ಲೂ ನಡೆದಿರಲಾರದು. ಕೊಟ್ಟಿಗೆ ಬಾಗಿಲಿನ ಒಂದು ತಿರುಪು ಬಿಚ್ಚಿ ಜೋತಾಡುವಂತೆ ಮಾಡಿದರು. ಬಡಕಲು ಹಸುವನ್ನು ಮುಂದೆ ಕಟ್ಟಿ, ಮೈಕೈ ತುಂಬಿದವುಗಳನ್ನು ಹಿಂದಕ್ಕೆ ತಳ್ಳಿದರು. ಹೊಸ ಪಂಪಿನ ಮೇಲೆ ಹರಕು ಗೋಣಿ ಹೊದಿಸಿದರು. ಸಮಸ್ಯೆಯಾದದ್ದು ಅತ್ತೆ. ಪರಸ್ಥಳದವರು ಬರುತ್ತಾರೆಂದರೆ ಮನೆ ಹೊಳೆಯಬೇಕು ಎನ್ನುವ ಜಾತಿ ಅವಳದು. ಸೊಸೆ ಅಂಗಳದಲ್ಲಿ ಕಸ ಹರಡಿ ಬಂದರೆ ಅತ್ತೆ ಹಿಂದಿನಿಂದಲೇ ಪೊರಕೆ ಹಿಡಿದು ಗುಡಿಸಿಕೊಂಡು ಬಂದಳು. ಸೊಸೆ ಮತ್ತೆ ಹರಡಿದಳು. ಅತ್ತೆ ಮತ್ತೆ ಗುಡಿಸಿದಳು. ಕೊನೆಗೆ ಸೊಸೆ ಪೊರಕೆಯನ್ನೇ ಕಿತ್ತು ಅಟ್ಟದ ಮೇಲೆಸೆದಳು.

"ಅತ್ತೆ, ನಾಳೆ ಒಂದು ದಿನ ನಿಮ್ಮ ಬಾಯಿಗೆ ಬೀಗ. ಏನು ಕೇಳಿದ್ರೂ ಹೊಗಳ್ಬೇಡಿ, ಕೈಮುಗೀತೀನಿ."

"ನಾನೇನು ಬಾಯಿಬಡುಕಿನಾ? ನಿನ್ನ ಬುಡ ನೀನು ನೋಡ್ಕೋ," ಎಂದು ಅತ್ತೆ ಮುಖ ಊದಿಸಿಕೊಂಡು ಒಳಗೆ ಹೋದಳು.

ಉಳಿದದ್ದು ರಸ್ತೆ ಪಕ್ಕದ ಹೊಲ. ಆಲೂಗಡ್ಡೆ ಕಿತ್ತು ಮುಗಿದಿತ್ತು, ಉತ್ತ ಮಣ್ಣು ಮೆತ್ತಗೆ ಕಪ್ಪಗೆ ಬಿದ್ದುಕೊಂಡಿತ್ತು. ಕುರುಡ ಕೂಡ ಇದು ಮೊದಲ ದರ್ಜೆ ಎಂದುಬಿಡುತ್ತಿದ್ದ. ಸಂಜೆ ಗಂಡಹೆಂಡತಿ ಬುಟ್ಟಿ ಹಿಡಿದು ಹೋದರು. ಗೋಡೆಯ ಮೇಲಿನ ಸಾಲಿನಿಂದ ಕಲ್ಲು ಇಳಿಸಿ ಇಳಿಸಿ ಹೊಲದ ತುಂಬ ಚೆಲ್ಲಿದರು. ಗಂಡ, "ನಮ್ಮ ವಂಶದಲ್ಲಿ ಕಲ್ಲು ಬಿತ್ತಿದ ಮೊದಲ ರೈತ ನಾನೇ ಇರ್ಬೇಕು. ಗೊಬ್ಬರ ಯಾವುದು ಹಾಕೋಣ?" ಎಂದು ಅವಳನ್ನು ನಗಿಸಲು ನೋಡಿದ. ಅವಳು ನಗಲಿಲ್ಲ. ಒಂದೊಂದು ಕಲ್ಲನ್ನೂ ಕೈಬಿಡುವ ಮೊದಲು ಒಂದು ಸಲ ತಿರುಗಿಸಿ ನೋಡಿದಳು. ಕತ್ತಲಾಗುತ್ತಿದೆ, ಯಾರಿಗೂ ಕಾಣದು ಎಂದು ಅವಳು ಅತ್ತಳು ಕೂಡ.

ಮರುದಿನ ಬೆಲೆ ಕಟ್ಟುವವನು ಬಂದ. ಟೋಪಿ, ಬೂಟು, ಕೈಯಲ್ಲಿ ಮಣ್ಣಿಗೆ ಚುಚ್ಚುವ ಉದ್ದನೆಯ ಸಲಾಕೆ. ಒಣಕಲು ಮನುಷ್ಯ, ಆದರೆ ಮಾತಿನಲ್ಲಿ ಮರ್ಯಾದಸ್ಥ. ಜತೆಗೆ ಮೈದುನ. ಕೊಟ್ಟಿಗೆ ನೋಡಿದರು, ಬಡಕಲು ಹಸು ಸರಿಯಾದ ಹೊತ್ತಿಗೆ ಕೆಮ್ಮಿತು. ಪಂಪು ನೋಡಿದರು, ಗೋಣಿ ಎತ್ತಲಿಲ್ಲ. ಬೆಲೆ ಕಟ್ಟುವವನು ಜಗಲಿಯ ಮೇಲಿದ್ದ ಅತ್ತೆಯನ್ನು, "ಬಾವೀಲಿ ನೀರು ಹೇಗಿದೆ, ಅಮ್ಮ?" ಎಂದು ಕೇಳಿದ. ಮೂರು ತಲೆಮಾರು ಬತ್ತದ ಬಾವಿಯದು. ಅತ್ತೆ ಹಲ್ಲು ಕಚ್ಚಿ, "ಇದ್ರೆ ಇರುತ್ತೆ, ಇಲ್ದಿದ್ರೆ ಇಲ್ಲ," ಎಂದಳು. ಸೊಸೆಗೆ ಅವಳ ಕಾಲಿಗೆ ಬೀಳಬೇಕೆನ್ನಿಸಿತು.

ಮೈದುನನ ಮುಖ ಮಾತ್ರ ಸಣ್ಣಗಾಗುತ್ತಾ ಹೋಯಿತು. "ಏನಣ್ಣ ಇದು? ಅಪ್ಪ ಇದ್ದಾಗ ಹೀಗಿರ್ಲಿಲ್ಲ. ಯಾಕಣ್ಣ ಇಷ್ಟು ಹಾಳುಗೆಡವಿದೀಯ?" ಎಂದ. ಗಂಡ ಆಕಾಶ ನೋಡಿದ. ಸೊಸೆ ಸೆರಗನ್ನು ಬಿಗಿಯಾಗಿ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಕೊನೆಗೆ ರಸ್ತೆ ಪಕ್ಕದ ಹೊಲ. ಬೆಲೆ ಕಟ್ಟುವವನು ಮುಂದೆ, ಅವನ ಹಿಂದೆ ಅಣ್ಣತಮ್ಮ, ಎಲ್ಲರ ಹಿಂದೆ ಸೊಸೆ. ಅವನು ಒಂದು ಕಡೆ ಸಲಾಕೆ ಊರಿದ, ಠಣ್ಣೆಂದಿತು. ಇನ್ನೊಂದು ಕಡೆ ಊರಿದ, ಅಲ್ಲೂ ಠಣ್. "ಕಲ್ಲು ನೆಲ. ಇದು ಮೂರನೇ ದರ್ಜೆ, ಅದೂ ಕಷ್ಟದಲ್ಲಿ," ಎಂದ. ಸೊಸೆಯ ಎದೆಯಲ್ಲಿ ಒಂದು ಕಡೆ ಹಾಲು ಕುಡಿದಷ್ಟು ಸಂತೋಷ, ಇನ್ನೊಂದು ಕಡೆ ಯಾರೋ ಕಪಾಳಕ್ಕೆ ಬಾರಿಸಿದಂತೆ. ಅವರು ಹೊಲದ ಆ ತುದಿಯವರೆಗೆ ಹೋದರು. ಬಾಯಿಗೆ ಬೀಗ ಹಾಕಿಕೊಂಡು ಇವಳೂ ಹೋದಳು.

ತುದಿ ಮುಟ್ಟಿ ಬೆಲೆ ಕಟ್ಟುವವನು ಹಿಂದಿರುಗಿ ನೋಡಿದ. ನೋಡಿದವನು ನೋಡುತ್ತಲೇ ನಿಂತ. ಅವರು ನಡೆದು ಬಂದ ದಾರಿಯುದ್ದಕ್ಕೂ, ಎರಡೂ ಕೈ ಚಾಚಿದಷ್ಟು ಅಗಲಕ್ಕೆ, ಒಂದೇ ಒಂದು ಕಲ್ಲಿರಲಿಲ್ಲ. ಬಾಕಿ ಹೊಲವೆಲ್ಲ ಕಲ್ಲು, ನಡುವೆ ಕಪ್ಪನೆಯ ಚೊಕ್ಕ ಪಟ್ಟಿ. ಆ ಪಟ್ಟಿಯ ಕೊನೆಯಲ್ಲಿ ಮಡಿಲ ತುಂಬ ಕಲ್ಲು ತುಂಬಿಕೊಂಡು ಸೊಸೆ ನಿಂತಿದ್ದಳು. ದಾರಿಯಲ್ಲಿ ಎರಡು ಸಲ ಮಡಿಲು ತುಂಬಿ, ಬದಿಯಲ್ಲಿ ಒಪ್ಪವಾಗಿ ಗುಡ್ಡೆ ಹಾಕಿ ಸಹ ಬಂದಿದ್ದಳು.

"ಅಮ್ಮಾ, ಅದೇನು ಮಾಡ್ತಿದ್ದೀರಿ?" ಎಂದು ಅವನು ಮೆಲ್ಲಗೆ ಕೇಳಿದ.

ಸೊಸೆ ತನ್ನ ಮಡಿಲು ನೋಡಿಕೊಂಡಳು. ತಾನು ಬಗ್ಗಿದ್ದು, ಎತ್ತಿದ್ದು, ಯಾವುದೂ ಅವಳಿಗೆ ಗೊತ್ತಾಗಿರಲಿಲ್ಲ. ಇಡೀ ಮನೆಯ ಬಾಯಿ ಕಟ್ಟಿದವಳಿಗೆ ತನ್ನ ಕೈ ಕಟ್ಟಿಹಾಕುವುದು ಹೊಳೆದಿರಲಿಲ್ಲ. ಗಂಡ ಕಣ್ಣು ಮುಚ್ಚಿಕೊಂಡ.

ಮೈದುನ ಒಂದು ಕಲ್ಲನ್ನು ಬೂಟಿನಿಂದ ಒದ್ದ. ಅದು ಹಗುರವಾಗಿ ಉರುಳಿತು. ಅದರ ಕೆಳಗೆ ಮೆತ್ತನೆಯ ಮಣ್ಣು. "ಓಹೋ! ಎಲ್ಲ ಮೇಲಿಂದ ಚೆಲ್ಲಿರೋದು! ಅತ್ತಿಗೆ, ನನಗೇ ಟೋಪಿ ಹಾಕೋಕೆ ಹೊರಟ್ರಾ?"

ಅವಳಿಗೆ ನಾಚಿಕೆಯಾಯಿತು. ಆದರೆ ಆಗಲೇ ಹೇಳಿದೆನಲ್ಲ, ನಾಚಿಕೆ ಅವಳ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಿಂದೆಯೇ ಸಿಟ್ಟು ಬಂತು. ಅವಳು ಮಡಿಲಿನ ಕಲ್ಲನ್ನೆಲ್ಲ ಅವನ ಕಾಲ ಬುಡಕ್ಕೆ ಸುರಿದಳು.

"ಹೌದು, ಚೆಲ್ಲಿದೆ! ನಾನು ಹೆಕ್ಕಿದ ಕಲ್ಲನ್ನ ನಾನೇ ಚೆಲ್ಲಿದೆ. ತಪ್ಪೇ ಅದು, ಬೇಕಾದ್ರೆ ಊರೆಲ್ಲ ಹೇಳ್ಕೊಂಡು ಬನ್ನಿ. ಆದ್ರೆ ಮೂರನೇ ದರ್ಜೆ ಅಂತ ಮಾತ್ರ ಬರೀಬೇಡಿ. ಕೈ ಹಾಕಿ ನೋಡಿ ಈ ಮಣ್ಣಿಗೆ, ಮೊಣಕೈವರೆಗೂ ಹೋಗುತ್ತೆ! ಹಾಳುಗೆಡವಿದ್ದಾರಂತೆ ಹಾಳು! ಪಂಪು ಹೊಸದು. ಕೊಟ್ಟಿಗೆ ಬಾಗಿಲಿಗೆ ಒಂದು ತಿರುಪು ಹಾಕಿದ್ರೆ ಸರಿಹೋಗುತ್ತೆ. ಆ ಹಸು ಹುಟ್ಟಿದಾಗ್ಲಿಂದ್ಲೂ ಕೆಮ್ಮುತ್ತೆ!"

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅವಳು ಜಮೀನನ್ನು ಕಳೆದುಕೊಂಡಾಗಿತ್ತು. ಅದು ಅವಳಿಗೂ ಗೊತ್ತಾಯಿತು. ಮೈದುನ, "ಬರ್ಕೊಳ್ಳಿ ಸಾರ್, ಮೊದಲ ದರ್ಜೆ," ಎಂದ. ಬೆಲೆ ಕಟ್ಟುವವನು ಬಗ್ಗಿ ಮಣ್ಣಿಗೆ ಕೈಯಿಟ್ಟು ನೋಡಿ, "ಮೊದಲನೆಯದೇ," ಎಂದು ಒಪ್ಪಿದ. ಗಂಡ ಬೆರಳು ಮಡಿಚಿ ಲೆಕ್ಕ ಹಾಕಿ ಕೈಚೆಲ್ಲಿದ. ಈ ಹೊಲವೊಂದು ಲೆಕ್ಕಕ್ಕೆ ಬಾರದಿದ್ದರೆ ಬ್ಯಾಂಕಿನವರು ಕೊಡುವುದು ಹೇಗೋ ಸಾಲುತ್ತಿತ್ತು, ಈಗ ಇಲ್ಲ.

ಅಷ್ಟರಲ್ಲಿ ಅತ್ತೆ ಬಂದಳು. ಜಗಲಿಯಿಂದ ಗಲಾಟೆ ಕೇಳಿಸಿಕೊಂಡು, ಹಿಂಬದಿಯ ತಂತಿಬೇಲಿ ದಾಟಿ, ಏದುಸಿರು ಬಿಡುತ್ತಾ ಬಂದಳು. ನೇರ ಕಿರಿಮಗನ ಮುಂದೆ ನಿಂತಳು.

"ಏನೋ, ಏನು ಬರೆಸ್ತಿದೀಯ?"

"ನಂಗೆ ನ್ಯಾಯವಾಗಿ ಬರೋದನ್ನಮ್ಮ. ಅಪ್ಪ ಬಿಟ್ಟುಹೋದದ್ದರಲ್ಲಿ ಅರ್ಧ."

"ಸರಿ. ನಿಮ್ಮಪ್ಪ ಇಲ್ಲಿ ಬಿಟ್ಟುಹೋದದ್ದು ಏನು? ನೀನೂ ಇಲ್ಲೇ ಬೆಳೆದೋನು, ಬಾಯ್ಬಿಟ್ಟು ಹೇಳು. ಹಾಳು ತುಂಡು ಅನ್ನೋರು ಅಲ್ವಾ? ಏನಿತ್ತು ಇಲ್ಲಿ?"

ಮೈದುನ ಬೂಟಿನ ತುದಿಯಿಂದ ಮಣ್ಣು ಕೆದಕಿದ.

"ಕಲ್ಲಿತ್ತು. ಬರೀ ಕಲ್ಲು. ಮಣ್ಣು ಮಾಡಿದ್ದು ಇವಳು. ನಿಮ್ಮಪ್ಪ ಬಿಟ್ಟ ಕಲ್ಲಲ್ಲಿ ಒಂದೂ ಕಳೆದುಹೋಗಿಲ್ಲ ಕಣೋ, ನೋಡಲ್ಲಿ, ರಸ್ತೆ ಬದೀಲಿ ಸಾಲಾಗಿ ನಿಂತಿದೆ. ಅದರಲ್ಲಿ ಅರ್ಧ ನಿಂದು. ಒಂದೇ ಒಂದು ಕಲ್ಲು ಕಡಿಮೆ ಆದ್ರೂ ನನ್ನ ಕೇಳು. ತಗೊಂಡು ಹೋಗು!"

ಸೊಸೆ ಮದುವೆಯಾಗಿ ಬಂದಾಗಿನಿಂದ ಅತ್ತೆಯ ಬಾಯಲ್ಲಿ ಅವಳ ಪರವಾಗಿ ಬಂದ ಮೊದಲ ಮಾತು ಅದು. ಬೆಲೆ ಕಟ್ಟುವವನು ಟೋಪಿ ತೆಗೆದು ಬೆವರೊರೆಸಿಕೊಂಡು, "ನಾನು ಬೆಲೆ ಹೇಳೋನು, ನ್ಯಾಯ ಹೇಳೋನಲ್ಲ. ಈ ಹೊಲಾನ ಸದ್ಯಕ್ಕೆ ಬಿಟ್ಟಿರ್ತೀನಿ. ನೀವು ನೀವೇ ಮಾತಾಡಿ ತಿಳಿಸಿ," ಎಂದು ಹೊರಟುಹೋದ.

ಮೈದುನನೂ ಆ ತಾಯಿಯ ಹೊಟ್ಟೆಯಲ್ಲೇ ಹುಟ್ಟಿದವನಲ್ಲವೇ. ಜಗಮೊಂಡ. "ಆಯ್ತಮ್ಮ. ಕಲ್ಲೇ ತಗೊಂಡು ಹೋಗ್ತೀನಿ. ಕಲ್ಲಿಗೂ ಪೇಟೇಲಿ ಬೆಲೆ ಇದೆ. ಅರ್ಧ ಅಂದ್ರೆ ಅರ್ಧ," ಎಂದ. ಸೊಸೆಗೂ ಮೈಮೇಲೆ ಬಂದಿತ್ತು. "ಬನ್ನಿ, ನಾನೇ ಅಳೆದು ಗುರುತು ಮಾಡಿಕೊಡ್ತೀನಿ," ಎಂದಳು.

ಆ ವಾರವೇ ಅವನು ಬಾಡಿಗೆ ಲಾರಿ ತಂದ. ಸೊಸೆ ಹಗ್ಗದಲ್ಲಿ ಗೋಡೆಯನ್ನು ಅಳೆದು, ಸರಿಯಾಗಿ ನಡುವಿಗೆ ಸುಣ್ಣದ ಗೆರೆ ಎಳೆದಳು. ಚೆಲ್ಲಿದ್ದ ಕಲ್ಲನ್ನೆಲ್ಲ ಅಷ್ಟರಲ್ಲಿ ಹೆಕ್ಕಿ ಗೋಡೆಗೆ ವಾಪಸು ಏರಿಸಿದ್ದಳು, ಅವನ ಪಾಲಿಗೆ ಕಡಿಮೆಯಾಗಬಾರದಲ್ಲ. ಲಾರಿಯ ಚಾಲಕ ತನ್ನ ಕೆಲಸ ಓಡಿಸುವುದಷ್ಟೇ ಎಂದು ಮರದ ನೆರಳಲ್ಲಿ ಮಲಗಿಬಿಟ್ಟ. ಅಣ್ಣ ಸಹಾಯಕ್ಕೆ ಎದ್ದರೆ ಮೈದುನ ಬೇಡವೆಂದ. ಗೇಟಿನ ಕಡೆಯಿಂದ ಒಬ್ಬನೇ ಗೋಡೆ ಕೀಳತೊಡಗಿದ.

ಮೇಲಿನ ಸಾಲು ಸುಲಭವಾಗಿ ಬಂತು. ಎರಡನೆಯದಕ್ಕೆ ಬೆನ್ನು ಹಿಡಿಯಿತು. ಅದರ ಕೆಳಗಿನವು ಒಂದನ್ನೊಂದು ಹಿಡಿದುಕೊಂಡಿದ್ದವು, ಹಾರೆ ಹಾಕಿ ಮೀಟಬೇಕಾಯಿತು. ಟೈರು ಎತ್ತಿ ಪಳಗಿದ ಕೈಯೇ ಅವನದು, ಆದರೆ ಟೈರು ಉರುಳುತ್ತದೆ, ಇವು ಉರುಳುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಂಗೈ ಬೊಬ್ಬೆಯೆದ್ದು ಒಡೆದಿತ್ತು. ಗೋಡೆಯಲ್ಲಿ ಆದದ್ದು ಎತ್ತಿನ ಗಾಡಿ ನುಗ್ಗುವಷ್ಟು ಕಿಂಡಿ. ಲಾರಿಯ ತಳ ಇನ್ನೂ ಕಾಣುತ್ತಲೇ ಇತ್ತು. ಅವನು ಬುಡದ ಸಾಲಿನ ಮೇಲೆ ಧೊಪ್ಪನೆ ಕೂತ.

ಸೊಸೆ ನೀರು ತಂದು ಕೊಟ್ಟಳು. ಅವನು ಗಟಗಟನೆ ಕುಡಿದು ತಾನು ಕೂತ ಕಲ್ಲಿನತ್ತ ನೋಡಿದ. "ಈ ಸಾಲೇನು ಇಷ್ಟು ಸೊಟ್ಟಗಿದೆ?"

"ಅದು ನಾನು ಬಂದ ವರ್ಷದ್ದು. ಆಗ ಪೇರಿಸೋಕೆ ಬರ್ತಿರ್ಲಿಲ್ಲ."

"ಈ ಚಿಕ್ಕಚಿಕ್ಕವು?"

"ನಿಮ್ಮಣ್ಣನ ಮಗಳು ಹೊಟ್ಟೇಲಿದ್ದಾಗ. ದೊಡ್ಡವು ಎತ್ತೋ ಹಾಗಿರ್ಲಿಲ್ಲ."

ಅವನು ಗೋಡೆಯನ್ನು ಆ ತುದಿಯವರೆಗೆ, ತಿರುವಿನ ಮರದವರೆಗೆ ಕಣ್ಣಲ್ಲೇ ಅಳೆದ. ಆಮೇಲೆ ಒಡೆದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದ.

"ಈ ಹೊಲ ಬಿಡ್ತೀನಿ ಅತ್ತಿಗೆ. ಇದು ನಿಮ್ದು. ಆದ್ರೆ ಉಳಿದದ್ದರಲ್ಲಿ ಒಂದು ಕಾಸೂ ಬಿಡಲ್ಲ, ಈಗ್ಲೇ ಹೇಳಿದೀನಿ."

"ಬಿಡಿ ಅಂತ ನಿಮ್ಮನ್ನ ಯಾರು ಕೇಳಿದ್ರು? ಕಾಸಿಗೆ ಕಾಸು ಎಣಿಸಿ ಕೊಡ್ತೀನಿ. ಕಲ್ಲು ಇಳಿಸಿ ಹೋಗಿ ಮೊದ್ಲು."

ಅವನಿಗೆ ನಗು ಬಂತು. ಬೈದುಕೊಳ್ಳುತ್ತಲೇ ಇಳಿಸಿದ. ಸಾಲ ಬರುವುದಿತ್ತು, ಅದನ್ನು ತೀರಿಸುವುದರಲ್ಲಿ ಗಂಡಹೆಂಡತಿಯ ತಲೆಗೂದಲು ಹಣ್ಣಾಗುವುದಿತ್ತು. ಆದರೆ ಜಮೀನು ಇತ್ತು. ಲಾರಿ ಹೋದ ಮೇಲೆ ಸೊಸೆ ರವಿಕೆಯ ತೋಳು ಮಡಿಚಿ ಕಿಂಡಿ ಮುಚ್ಚಲು ನಿಂತಳು.

ಹಿಂದಿನಿಂದ ಯಾರೋ ಮುಲುಕಿದ ಸದ್ದಾಯಿತು. ತಿರುಗಿ ನೋಡಿದರೆ ಅತ್ತೆ. ಎರಡೂ ಕೈಯಲ್ಲಿ ಒಂದು ಕಲ್ಲನ್ನು ಹೊಟ್ಟೆಗೆ ಅವಚಿಕೊಂಡು ಬಂದು, ಗೋಡೆಯ ಮೇಲೆ ಕುಕ್ಕಿದಳು. ಅದು ಅಲ್ಲಾಡಿತು.

"ಹಾಗಲ್ಲ ಅತ್ತೆ. ಅಗಲದ ಮುಖ ಕೆಳಗೆ."

ಅತ್ತೆ ಸೊಸೆಯನ್ನು ದುರುಗುಟ್ಟಿ ನೋಡಿದಳು. ಆಮೇಲೆ ಕಲ್ಲನ್ನು ತಿರುಗಿಸಿ ಇಟ್ಟಳು.

ರಸ್ತೆಯಲ್ಲಿ ಕಾರೊಂದು ನಿಧಾನವಾಯಿತು. ಗೋದಾಮಿನವನು ಗಾಜಿಳಿಸಿ, ಕಿಂಡಿಯನ್ನೂ ರಾಶಿ ಬಿದ್ದ ಕಲ್ಲನ್ನೂ ನೋಡಿ, ಮುಖವರಳಿಸಿ, "ಏನಮ್ಮ, ಗೋಡೆ ಕೆಡವ್ತಿದ್ದೀರಾ? ಒಳ್ಳೇದಾಯ್ತು," ಎಂದ.

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಇನ್ನೊಂದು ಕಲ್ಲನ್ನೆತ್ತಿ ಅಗಲದ ಮುಖ ಹುಡುಕಿದಳು.

"ಕಟ್ತಿದ್ದೀವಿ ಕಣಪ್ಪ," ಎಂದಳು. "ಮುಂದಕ್ಕೆ ಹೋಗು, ಧೂಳು ಬರುತ್ತೆ."